ಟ್ಯಾಂಜಿಯರಿಗೆ ಹೊರಟ ಮೊಮ್ಮಗಳಿಗೆ

ಪುಟ್ಟೀ,

ಹೋದ ಭಾನುವಾರ ಬಂದು, ಸೋಫಾದ ಮೇಲೆ ಕಾಲು ಮಡಿಸಿ ಕೂತು, ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಿಳಿ ಗೋಡೆ, ನೀಲಿ ಬಾಗಿಲು, ಮೆಟ್ಟಿಲ ಮೇಲೆ ಮಲಗಿದ ಬೆಕ್ಕು ಎಲ್ಲ ತೋರಿಸಿದೆ. ಮೊರಾಕ್ಕೋ, ಟ್ಯಾಂಜಿಯರ್, ನಾಲ್ಕು ಜನ ಗೆಳತಿಯರು, ಒಂಬತ್ತು ದಿನ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ತಾತ, ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಅಂದೆ. ಬಾಯಿಮಾತಿಗೆ ಅಂದದ್ದು ಅಂತ ಗೊತ್ತು. ಆದರೆ ಜೆ.ಪಿ. ನಗರದಲ್ಲಿ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತಿ ಬಂದ ಮೇಲೆ ಮಿಕ್ಕ ಹೊತ್ತನ್ನೆಲ್ಲ ಹೇಗೆ ಕಳೆಯುವುದು ಅಂತ ಯೋಚಿಸುವ ಮುದುಕನನ್ನು ಬಾಯಿಮಾತಿಗೂ ಸಲಹೆ ಕೇಳಬಾರದು. ಈಗ ಅನುಭವಿಸು.

ನಾನು ಮೊರಾಕ್ಕೋ ನೋಡಿಲ್ಲ. ನೋಡುವುದೂ ಇಲ್ಲ, ನನ್ನ ಮೊಣಕಾಲಿಗೆ ಸಾರಕ್ಕಿ ಮಾರುಕಟ್ಟೆಯೇ ಸಾಕಷ್ಟು ವಿದೇಶ. ಆದರೆ ಟ್ಯಾಂಜಿಯರಿನವನೊಬ್ಬನನ್ನು ಮಾತ್ರ ಬಹಳ ವರ್ಷದಿಂದ ಬಲ್ಲೆ. ಆ ಊರಿನ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ಅವನದೇ ಹೆಸರು, ಇಬ್ನ್ ಬತೂತ. ಹಳೇ ಊರಿನ ಒಂದು ಸಂದಿಯಲ್ಲಿ ಅವನದು ಅಂತ ಹೇಳುವ ಗೋರಿಯೂ ಇದೆ. ಹುಟ್ಟಿದ್ದು 1304ರಲ್ಲಿ. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಹಜ್ ಯಾತ್ರೆಗೆ ಅಂತ ಮನೆ ಬಿಟ್ಟವನು ತಿರುಗಿ ತನ್ನ ನಾಡಿಗೆ ಕಾಲಿಟ್ಟದ್ದು 1349ರಲ್ಲಿ. ಅಷ್ಟರಲ್ಲಿ ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಅಮ್ಮ ಅವನು ಊರು ಮುಟ್ಟುವ ಸ್ವಲ್ಪ ಮುಂಚೆ ಮಹಾಮಾರಿಗೆ ಹೋಗಿದ್ದಳು. ನಿನ್ನಮ್ಮನಿಗೆ ದಿನಾ ರಾತ್ರಿ ಒಂದು ಮೆಸೇಜ್ ಹಾಕು ಅಂತ ಬೇರೆಯಾಗಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಆ ಇಪ್ಪತ್ತನಾಲ್ಕು ವರ್ಷದ ಅಲೆದಾಟದ ನಡುವೆ ಅವನು ನಮ್ಮ ಕರಾವಳಿಗೆ ಬಂದ. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಹತ್ತಿರ ಖಾಜಿಯಾಗಿದ್ದವನನ್ನು ಸುಲ್ತಾನ ಚೀನಾಕ್ಕೆ ರಾಯಭಾರಿ ಮಾಡಿ ಕಳಿಸಿದ್ದ. 1342ರಲ್ಲಿ ದೆಹಲಿ ಬಿಟ್ಟು, ಗುಜರಾತಿನಲ್ಲಿ ಹಡಗು ಹತ್ತಿ, ಗೋವೆ ದಾಟಿ ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರು ಅಂತ ಒಂದೊಂದೇ ಬಂದರು ಮುಟ್ಟುತ್ತ ಕೆಳಗಿಳಿದ. ಅವನ ಬರಹದಲ್ಲಿ ಇವು ಹಿನಾವರ್, ಅಬೂ ಸರೂರ್, ಫಾಕನೂರ್, ಮಂಜರೂರ್. ನೀನು ಈಗ ಅವನ ಊರಿಗೆ ಹೊರಟಿದ್ದೀಯ. ಅವನು ನಮ್ಮಲ್ಲಿಗೆ ಬಂದಾಗ ಹೇಗಿದ್ದ, ಏನು ನೋಡಿದ, ಎಲ್ಲಿ ಎಡವಿದ ಅಂತ ತಿಳಿದು ಹೋದರೆ ಆಯಿತು, ನನ್ನ ಟಿಪ್ಸ್ ಅಷ್ಟೇ.

ಮೊದಲು ಊಟ. ಹೊನ್ನಾವರದ ದೊರೆ ಜಮಾಲುದ್ದೀನನ ಮನೆಯಲ್ಲಿ ಬಡಿಸಿದ್ದನ್ನು ಅವನು ಬರೆದಿರುವ ರೀತಿ ನೋಡಿದರೆ, ಆರುನೂರೆಂಬತ್ತು ವರ್ಷದ ಹಿಂದಿನ ಪಂಕ್ತಿಯಲ್ಲಿ ನಾವೇ ಕೂತಂತಾಗುತ್ತದೆ. ತಾಮ್ರದ ದೊಡ್ಡ ತಟ್ಟೆ. ರೇಷ್ಮೆ ಉಟ್ಟ ಹೆಂಗಸು ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಸುರಿಯುತ್ತಾಳೆ. ಪಕ್ಕಕ್ಕೆ ಉಪ್ಪಿನಕಾಯಿಗಳು: ಗೊಂಚಲು ಗೊಂಚಲಾಗಿ ಕಾಳುಮೆಣಸು, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಅದು ಮುಗಿದರೆ ಇನ್ನೊಂದು ಸೌಟು ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಎಲ್ಲ ಆದ ಮೇಲೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ ಅಂತ ಬರೆಯುತ್ತಾನೆ. ಆಮೇಲೆ ಕುಡಿಯಲು ಬಿಸಿನೀರು, ಯಾಕೆಂದರೆ ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲ. ನಿಮ್ಮಜ್ಜಿ ಇದನ್ನು ಕೇಳಿ, "ಇದರಲ್ಲಿ ಬರೆಯೋಕೆ ಏನಿದೆ, ಊಟ ಅಂದ್ರೆ ಹಾಗೇ ತಾನೇ?" ಅಂದಿದ್ದಳು. ಆ ಪಂಕ್ತಿಯಲ್ಲಿ ಒಂದೇ ಒಂದು ಹಸಿಮೆಣಸಿನಕಾಯಿ ಇರಲಿಲ್ಲ, ಗಮನಿಸು. ಅದು ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಖಾರಕ್ಕೆಲ್ಲ ಕಾಳುಮೆಣಸೇ ಗತಿ.

ಇಷ್ಟು ಚೆನ್ನಾಗಿ ಉಂಡವನು ಮುಂದಿನ ಸಾಲಿಗೆ ಗೊಣಗುತ್ತಾನೆ. ಇನ್ನೊಮ್ಮೆ ಬಂದಾಗ ಇದೇ ದೊರೆಯ ಹತ್ತಿರ ಹನ್ನೊಂದು ತಿಂಗಳಿದ್ದೆ, ಒಂದು ದಿನವೂ ರೊಟ್ಟಿ ಕಾಣಲಿಲ್ಲ, ಬರೀ ಅನ್ನ ಅಂತ. ಮಾಲ್ಡೀವ್ಸ್, ಸಿಂಹಳ ಎಲ್ಲ ಸೇರಿ ಮೂರು ವರ್ಷ ಅನ್ನವನ್ನೇ ತಿಂದು ತಿಂದು, ಕೊನೆಗೆ ನೀರು ಕುಡಿದು ನುಂಗಬೇಕಾಯಿತಂತೆ. ನನಗೆ ಅವನು ಪ್ರಿಯನಾದದ್ದು ಇಲ್ಲೇ. ಪ್ಯಾಕೇಜ್ ಟೂರಿನಲ್ಲಿ ಯುರೋಪಿಗೆ ಹೋಗಿ ಮೂರನೇ ದಿನ ಅನ್ನ-ಸಾರಿಗೆ ಹಲುಬುವ ನಮ್ಮ ನಾಲ್ಕನೇ ಫೇಸಿನ ಗೆಳೆಯರಿಗೂ ಅವನಿಗೂ ಏನೂ ವ್ಯತ್ಯಾಸವಿಲ್ಲ. ಆದರೆ ಗೊಣಗಿದ್ದು ಊರಿಗೆ ಹೋದ ಮೇಲೆ, ಪುಸ್ತಕದಲ್ಲಿ. ಬಡಿಸಿದವರ ಮುಂದೆ ಮುಖ ಕಿವುಚಿದ್ದು ಎಲ್ಲೂ ಕಾಣಿಸುವುದಿಲ್ಲ. ಅದಕ್ಕೇ ಹೇಳುವುದು: ನಿನ್ನಮ್ಮ ತುರುಕುವ ಉಪ್ಪಿಟ್ಟಿನ ಪ್ಯಾಕೆಟ್ ತೆಗೆದುಕೊಂಡು ಹೋಗು, ಅವಳ ಸಮಾಧಾನಕ್ಕೆ. ಒಡೆಯಬೇಡ. ಶುಕ್ರವಾರ ಆ ದೇಶದ ಮನೆಮನೆಯಲ್ಲಿ ಕುಸ್ಕುಸ್ ಮಾಡುತ್ತಾರೆ, ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ತಿನ್ನುತ್ತಾರೆ. ಬಲಗೈಯಲ್ಲಿ ತಿನ್ನಬೇಕು, ತಟ್ಟೆಯಲ್ಲಿ ನಿನ್ನ ಎದುರಿಗಿರುವ ಭಾಗದಿಂದ ಮಾತ್ರ. ಆಚೆ ಕೈ ಚಾಚಿದರೆ ಅಲ್ಲೂ ಅಜ್ಜಿಯರು ಕಣ್ಣು ಬಿಡುತ್ತಾರೆ. ಉತ್ತರದ ಆ ಊರುಗಳಲ್ಲಿ ಬೆಳಿಗ್ಗೆ ಬಿಸಾರ ಅಂತ ಸಿಗುತ್ತದಂತೆ, ಅವರೆಯ ಜಾತಿಯ ದಪ್ಪ ಕಾಳನ್ನು ಬೇಯಿಸಿ ಅರೆದು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಅವರೆಕಾಯಿ ಕಾಲದಲ್ಲಿ ಹುಟ್ಟಿದವಳು ನೀನು, ತಿಂದು ಬಾ. ತರಕಾರಿ ಅಂತ ಕೊಟ್ಟದ್ದರ ತಿಳಿಯಲ್ಲಿ ಮಾಂಸದ ರಸ ಇರಬಹುದು, ಬೇಡವಾದರೆ ಮೊದಲೇ ಕೇಳು. ನೀನು ಮೀನು ತಿನ್ನುವುದು ನಿನ್ನಪ್ಪನಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ಗೊತ್ತು.

ಎರಡನೆಯದು, ನಾನು ಮಾಡಿದ ತಪ್ಪು. 1978ರಲ್ಲಿ ಬ್ಯಾಂಕಿನವರು ನನ್ನನ್ನು ಕುಂದಾಪುರಕ್ಕೆ ಹಾಕಿದ್ದರು. ಬಸವನಗುಡಿಯ ಹುಡುಗ, ಸಮುದ್ರ ಅಂದರೆ ಸಿನಿಮಾದಲ್ಲಿ ನೋಡಿದ್ದೇ ಹೆಚ್ಚು. ಒಂದು ಭಾನುವಾರ ಸೈಕಲ್ ತುಳಿದುಕೊಂಡು ಬಸರೂರಿಗೆ ಹೋದೆ, ಹಳೇ ಬಂದರು ಅಂತ ಯಾರೋ ಹೇಳಿದ್ದರು. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಪ್ಯಾಂಟಿನ ಕ್ಲಿಪ್ಪು ಬಿಚ್ಚುತ್ತ, "ಇಲ್ಲಿ ನೋಡೋಕೆ ಏನಿದೆ?" ಅಂದೆ. ಅಂಗಡಿಯವರು ಹಾಲು ಎತ್ತಿ ಇಳಿಸುವುದನ್ನು ನಿಲ್ಲಿಸದೆ, "ಎಂತ ಇತ್ತ್ ಮಾರಾಯ್ರೆ ಇಲ್ಲ್ ಕಾಂಬುಕೆ?" ಅಂದರು. ಬ್ಯಾಂಕಿನವನಿಗೆ ಉತ್ತರ ಸಿಕ್ಕಿದರೆ ಕಡತ ಮುಚ್ಚುವ ಅಭ್ಯಾಸ. ಚಹಾ ಕುಡಿದು, ಸೈಕಲ್ ಹತ್ತಿ ವಾಪಸು ಬಂದೆ. ಎರಡು ವರ್ಷ ಕುಂದಾಪುರದಲ್ಲಿದ್ದೆ, ಮತ್ತೆ ಬಸರೂರಿನ ಕಡೆ ತಲೆ ಹಾಕಲಿಲ್ಲ.

ಆ ಊರಿನಿಂದ ಅಕ್ಕಿ ಹಡಗು ಹತ್ತಿ ಗೋವೆಗೂ ಹೊರ್ಮುಜಿಗೂ ಹೋಗುತ್ತಿತ್ತು, ಆ ಅಕ್ಕಿಗಾಗಿಯೇ ಪೋರ್ಚುಗೀಸರು 1569ರಲ್ಲಿ ಹೊನ್ನಾವರದ ಜೊತೆ ಅದನ್ನೂ ಹಿಡಿದು ಕೋಟೆ ಕಟ್ಟಿದರು, ಆಮೇಲೆ ಕೆಳದಿಯವರು ಅವರನ್ನು ಓಡಿಸಿದರು, 1665ರಲ್ಲಿ ಶಿವಾಜಿ ಮಾಲ್ವಣದಿಂದ ಹಡಗಿನಲ್ಲಿ ಬಂದು ಸೂರೆ ಮಾಡಿದ ಅನ್ನುವುದೆಲ್ಲ ನಾನು ಓದಿದ್ದು ಬೆಂಗಳೂರಿಗೆ ಬಂದು ಈ ಮನೆ ಕಟ್ಟಿಸಿದ ಮೇಲೆ. ಆಗ ಜೆ.ಪಿ. ನಗರದಲ್ಲಿ ಸಂಜೆ ಏಳಾದರೆ ಆಟೋ ಬರುತ್ತಿರಲಿಲ್ಲ, ಓದುವುದಕ್ಕೆ ಬೇಕಾದಷ್ಟು ಪುರುಸೊತ್ತಿತ್ತು. ಓದುತ್ತ ಓದುತ್ತ ಮೈ ಪರಚಿಕೊಳ್ಳುವ ಹಾಗಾಯಿತು.

ನಿವೃತ್ತನಾದ ಮೇಲೆ ನಿಮ್ಮಜ್ಜಿಯನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರನ್ನು, "ಮುಂಚೆ ಅಕ್ಕಿ ಮುಡಿ ಹಡಗಿಗೆ ಎಲ್ಲಿಂದ ಹೇರ್ತಿದ್ರು?" ಅಂತ ಕೇಳಿದೆ. ಅವರು ನನ್ನನ್ನೊಮ್ಮೆ, ಬಿಸಿಲನ್ನೊಮ್ಮೆ ನೋಡಿ, ಬೈರಾಸು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಹೊಳೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ದಾರಿಯುದ್ದಕ್ಕೂ ಒಂದೊಂದು ಕೇರಿಯ ಹೆಸರು, ಯಾವ ಕೇರಿಯಲ್ಲಿ ಯಾರಿದ್ದರು, ಯಾವ ಮನೆತನ ಎಲ್ಲಿಗೆ ಹೋಯಿತು. ಕಣ್ಣಿಗೆ ಕಂಡದ್ದು ತೆಂಗಿನ ತೋಟ, ವಾರಾಹಿಯ ನೀರು, ದಡದಲ್ಲಿ ಮಗುಚಿ ಹಾಕಿದ ಒಂದು ದೋಣಿ, ಅಷ್ಟೇ. ಇಬ್ನ್ ಬತೂತನೂ ಬಸರೂರಿನ ಬಗ್ಗೆ ಬರೆದದ್ದು ಅಷ್ಟೇ: ದೊಡ್ಡ ಹಿನ್ನೀರಿನ ದಡದ ಚಿಕ್ಕ ಊರು, ತೆಂಗು ಬಹಳ. ಅವನು ಕಂಡ ತೆಂಗಿನ ಮರಗಳ ಮರಿಮಕ್ಕಳ ನೆರಳಲ್ಲಿ ನಿಂತು ನಿಮ್ಮಜ್ಜಿ ಆ ಹಿರಿಯರ ಹತ್ತಿರ ಕೊಚ್ಚಕ್ಕಿಯ ಗಂಜಿ ಮಾಡುವುದು ಹೇಗೆ ಅಂತ ಕೇಳುತ್ತಿದ್ದಳು.

ಹಳೇ ಬಂದರಿನಲ್ಲಿ "ನೋಡೋಕೆ ಏನಿದೆ" ಅಂತ ಕೇಳಿದರೆ ಊರಿನವರು ನಾಚಿಕೊಂಡು ಏನೂ ಇಲ್ಲ ಅನ್ನುತ್ತಾರೆ. ಇಲ್ಲದಿದ್ದರೆ ನಾಚಿಕೆ ಬಿಟ್ಟ ಗೈಡ್ ಒಬ್ಬ ಹತ್ತು ಜಾಗದ ಪಟ್ಟಿ ಒಪ್ಪಿಸುತ್ತಾನೆ. ಎರಡರಿಂದಲೂ ಉಪಯೋಗವಿಲ್ಲ. ಸರಕು ಯಾವುದು, ಎಲ್ಲಿ ಇಳಿಯುತ್ತಿತ್ತು, ಈಗ ಯಾಕೆ ಇಳಿಯುತ್ತಿಲ್ಲ ಅಂತ ಕೇಳಿ ನೋಡು. ಟ್ಯಾಂಜಿಯರಿನಲ್ಲೂ ಹಡಗಿನ ಸರಕೆಲ್ಲ ಈಗ ಊರಿನಿಂದ ಸುಮಾರು 40 ಕಿಲೋಮೀಟರ್ ಆಚೆ, 2007ರಲ್ಲಿ ಶುರುವಾದ ಟ್ಯಾಂಜರ್ ಮೆಡ್ ಬಂದರಿನಲ್ಲಿ. ಹಳೇ ಬಂದರಿನಲ್ಲಿ ಉಲ್ಲಾಸದ ದೋಣಿಗಳು. ಮಂಗಳೂರಿನಲ್ಲೂ ಹಾಗೇ ಆದದ್ದು. 1974ರಲ್ಲಿ ಪಣಂಬೂರು ಪ್ರಮುಖ ಬಂದರಾಯಿತು, ಹಳೇ ಬಂದರಿನ ಧಕ್ಕೆಯಲ್ಲಿ ಮೀನಿನ ದೋಣಿ, ಲಕ್ಷದ್ವೀಪಕ್ಕೆ ಹೋಗುವ ಮಂಜಿ ಉಳಿದವು. ಅದಕ್ಕೇ ಊರಿಗೆ ಹೋದ ತಕ್ಷಣ ಅಂಗಡಿ ಬೀದಿಗೆ ನುಗ್ಗಬೇಡ, ನೀರು ನೋಡು. ಹೊನ್ನಾವರಕ್ಕೆ ಹೋದರೆ ನಾನು ಮೊದಲು ಅಳಿವೆ ನೋಡುತ್ತೇನೆ. ಶರಾವತಿ ಜೋಗದಲ್ಲಿ ಮಾಡಿದ ಗಲಾಟೆಯೆಲ್ಲ ಮರೆತು ಅಗಲವಾಗಿ, ಸುಸ್ತಾದವಳ ಹಾಗೆ ಬಂದು ಸಮುದ್ರ ಸೇರುತ್ತಾಳಲ್ಲ, ಅಲ್ಲಿ ಮರಳು ಒಂದು ವರ್ಷ ಇದ್ದ ಕಡೆ ಇನ್ನೊಂದು ವರ್ಷ ಇರುವುದಿಲ್ಲ. ದೋಣಿಯವರು ಅಳಿವೆ ದಾಟುವಾಗ ಮಾತು ನಿಲ್ಲಿಸಿಬಿಡುತ್ತಾರೆ. ನದಿಯೊಳಗಿದ್ದ ನಮ್ಮ ಬಂದರುಗಳು ಬಡವಾದದ್ದಕ್ಕೆ ಯುದ್ಧ ಎಷ್ಟು ಕಾರಣವೋ, ಹಡಗು ದೊಡ್ಡದಾಗುತ್ತ ಹೋದಂತೆ ಈ ಮರಳು ದಾಟಲಾಗದೆ ಹೋದದ್ದೂ ಅಷ್ಟೇ ಕಾರಣ. ಟ್ಯಾಂಜಿಯರಿನ ಕೋಟೆ ಗೋಡೆಯ ಮೇಲೆ ನಿಂತರೆ ಎದುರಿಗೆ ಸ್ಪೇನ್. ಅತಿ ಕಿರಿದಾದ ಕಡೆ ಜಲಸಂಧಿ ಬರೀ 14 ಕಿಲೋಮೀಟರ್. ಅದನ್ನು ನೋಡಿದರೆ ಆ ಊರಿನ ಮೇಲೆ ಎಲ್ಲರೂ ಯಾಕೆ ಕಣ್ಣು ಹಾಕಿದರು ಅನ್ನುವುದಕ್ಕೆ ಗೈಡ್ ಬೇಕಾಗುವುದಿಲ್ಲ. 1471ರಲ್ಲಿ ಅದನ್ನು ಹಿಡಿದವರೂ ಪೋರ್ಚುಗೀಸರೇ. ಆಮೇಲೆ ತಮ್ಮ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆಗೆ ಕೊಟ್ಟು ಮದುವೆ ಮಾಡುವಾಗ ವರದಕ್ಷಿಣೆಯಾಗಿ ಎರಡು ಊರು ಕೊಟ್ಟರು: ಒಂದು ಟ್ಯಾಂಜಿಯರ್, ಇನ್ನೊಂದು ಬೊಂಬಾಯಿ. ಇಂಗ್ಲಿಷರು ಟ್ಯಾಂಜಿಯರನ್ನು 1684ರಲ್ಲಿ ಬಿಟ್ಟು ಎದ್ದು ಹೋದರು. ಬೊಂಬಾಯಿಯನ್ನು ಬಿಡಲು ಎಷ್ಟು ಕಾಲ ಬೇಕಾಯಿತು ಅಂತ ನಿನಗೇ ಗೊತ್ತು.

ಇನ್ನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು. ಗೋವೆಯಿಂದ ಕೊಲ್ಲಂವರೆಗಿನ ನಮ್ಮ ದಾರಿಯನ್ನು ಇಬ್ನ್ ಬತೂತ ಬಾಯ್ತುಂಬ ಹೊಗಳಿದ್ದಾನೆ. ಉದ್ದಕ್ಕೂ ಮರದ ನೆರಳು. ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ನಮ್ಮ ಅರವಟ್ಟಿಗೆ ಅಂದುಕೋ. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬರೆದಿದ್ದಾನೆ. ಆ ನೀರು ಕೊಡುವವನು ತನ್ನವರಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ, ಮುಸಲ್ಮಾನನಾದರೆ ಬೊಗಸೆಗೆ ಸುರಿಯುತ್ತಿದ್ದ. ಮನೆಯೊಳಗೆ ಬಿಡುತ್ತಿರಲಿಲ್ಲ, ತಮ್ಮ ಪಾತ್ರೆ ಮುಟ್ಟಿಸುತ್ತಿರಲಿಲ್ಲ, ಬಾಳೆಲೆಯ ಮೇಲೆ ಊಟ ಹಾಕುತ್ತಿದ್ದರು. ಹೀಗೆ ಹೊರಗೆ ಕೂರಿಸಿದ್ದನ್ನೂ ಬರೆದ, ದಾರಿಯ ನೆರಳನ್ನೂ ಬರೆದ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಲಿಲ್ಲ.

ಇದನ್ನು ಓದಿದಾಗ ನನಗೆ ಒಂದು ಕ್ಷಣ ಕಸಿವಿಸಿಯಾಯಿತು, ಸುಳ್ಳು ಯಾಕೆ ಹೇಳಲಿ. ಕರಾವಳಿಯ ಶಾಸನಗಳಲ್ಲಿ ಅರಬ್ ಕಡೆಯ ವರ್ತಕರ ಸಂಘಕ್ಕೆ "ಹಂಜಮಾನ" ಅನ್ನುವ ಹೆಸರೇ ಇದೆ. ಮಂಗಳೂರಿನಲ್ಲಿ ನಾಲ್ಕು ಸಾವಿರ ಮುಸಲ್ಮಾನರಿದ್ದರು ಅಂತ ಅವನೇ ಬರೆದಿದ್ದಾನೆ, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಹುಡುಗರಿಗೆ ಇಪ್ಪತ್ತಮೂರು ಶಾಲೆಗಳಿದ್ದವು ಅಂತ ಎಣಿಸಿದ್ದಾನೆ. ಅಷ್ಟು ಒಡನಾಟವೂ ಇತ್ತು, ಬೊಗಸೆಗೆ ಸುರಿಯುವುದೂ ಇತ್ತು. ನೀನು ಟ್ಯಾಂಜಿಯರಿನಲ್ಲಿ ಚಂದದ ಮಸೀದಿಯೊಂದರ ಬಾಗಿಲಿಗೆ ಹೋದಾಗ ಯಾರಾದರೂ ಕೈ ಅಡ್ಡ ಹಿಡಿದು ಒಳಗೆ ಬೇಡ ಅನ್ನಬಹುದು. ಮೊರಾಕ್ಕೋದಲ್ಲಿ ಕಾಸಾಬ್ಲಾಂಕಾದ ಹಸನ್ ಮಸೀದಿಯಂಥ ಕೆಲವನ್ನು ಬಿಟ್ಟರೆ ಬೇರೆ ಧರ್ಮದವರನ್ನು ಒಳಗೆ ಬಿಡುವುದಿಲ್ಲ. ಟಿಕೆಟಿಗೆ ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಅಂತ ಮುಖ ಊದಿಸಿಕೊಳ್ಳಬೇಡ. ಬಾಗಿಲಿನಿಂದ ಕಾಣುವ ಅಂಗಳ, ಕಾರಂಜಿ, ಹೆಂಚು ನೋಡು. ನಿನಗೆ ಇಷ್ಟವಾಗದಿದ್ದರೆ ಅದನ್ನೂ ಬರೆದಿಟ್ಟುಕೋ. ಆ ಊರಿನ ಹುಡುಗನೊಬ್ಬ ನಮ್ಮ ಬಾಗಿಲಲ್ಲಿ ಬೊಗಸೆ ಒಡ್ಡಿ ನೀರು ಕುಡಿದು ಮುಂದೆ ಹೋದದ್ದು ಮಾತ್ರ ನೆನಪಿರಲಿ.

ಫೋಟೋದ ವಿಷಯ. ಹೊನ್ನಾವರದ ಆಚೆ ದಡ ಕಾಸರಕೋಡು. ಅಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಸ್ನಾನದ ಕೋಣೆ, ಬಿದಿರಿನ ಕೊಡೆ, ಎಲ್ಲ ಅಚ್ಚುಕಟ್ಟು. ಸ್ವಲ್ಪ ದೂರ ನಡೆದರೆ ಹೆಂಗಸರು ಮರಳಿನ ಮೇಲೆ ಬಲೆ ಹಾಸಿ ಮೀನು ಒಣಗಿಸುತ್ತಿರುತ್ತಾರೆ. ನಮ್ಮ ಜೊತೆ ಬಂದಿದ್ದ ಸಂಬಂಧಿಕರ ಹುಡುಗನೊಬ್ಬ ಅಲ್ಲಿಗೆ ಹೋಗಿ ಕೇಳದೆ ಕೇಳಿಸದೆ ಫೋನು ಎತ್ತಿದ. ಒಬ್ಬಾಕೆ ಬಗ್ಗಿ ಮೀನು ಮಗುಚುತ್ತಿದ್ದವಳು ನೆಟ್ಟಗಾಗಿ, ಸೆರಗು ತಲೆಗೆಳೆದುಕೊಂಡು, "ಮೀನು ಬೇಕೋ, ಬರೀ ಫೋಟೋನೋ?" ಅಂದಳು. ಸುತ್ತಲಿನ ಹೆಂಗಸರೆಲ್ಲ ನಕ್ಕರು. ಹುಡುಗ ಕಿವಿಯವರೆಗೆ ಕೆಂಪಾದ. ನಿಮ್ಮಜ್ಜಿ ಹತ್ತಿರ ಹೋಗಿ ಕೂತು, ಅರ್ಧ ಗಂಟೆ ಮಾತಾಡಿ, ಹುಟ್ಟಾ ಮೀನು ಮುಟ್ಟದವಳು ಅರ್ಧ ಕಿಲೋ ಒಣಮೀನು ಕಟ್ಟಿಸಿಕೊಂಡಳು, ಕೆಲಸದವಳಿಗೆ ಅಂತ. ಬೆಂಗಳೂರಿನವರೆಗೆ ಇಡೀ ಬೋಗಿ ನಮ್ಮ ಕಡೆ ನೋಡುತ್ತಿತ್ತು. ಟ್ಯಾಂಜಿಯರಿನ ಸಂತೆಯಲ್ಲೂ ಕೊಳ್ಳುವುದಿದ್ದರೆ ಮಾತ್ರ ಚೌಕಾಸಿ ಮಾಡು, ಕೇಳಿ ಫೋಟೋ ತೆಗಿ. ಬೇಡ ಅಂದರೆ ಫೋನು ಚೀಲಕ್ಕೆ.

ಒಂಬತ್ತು ದಿನದಲ್ಲಿ ಆರು ಊರು ಅಂತ ಪಟ್ಟಿ ಮಾಡಿದ್ದೀಯ, ಕಣ್ಣಿಗೆ ಬಿತ್ತು. ಎರಡು ಸಾಕು. ಇಬ್ನ್ ಬತೂತ ಬಾರಕೂರಿನಲ್ಲಿ ಮೂರೇ ದಿನ ಇದ್ದದ್ದು, ಅದೂ ಅಲ್ಲಿನ ದೊರೆಯ ಅತಿಥಿಯಾಗಿ. ಆ ಕರಾವಳಿಯಲ್ಲಿ ಹಾಯುವ ಹಡಗು ಬಂದರಿಗೆ ಬಂದು "ಬಂದರಿನ ಹಕ್ಕು" ಅಂತ ಕಾಣಿಕೆ ಒಪ್ಪಿಸಲೇಬೇಕಿತ್ತು, ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಬಂದು ಹಿಡಿಯುತ್ತಿದ್ದರು. ಆ ಮೂರು ದಿನದಲ್ಲಿ ಅವನಿಗೆ ಅಲ್ಲಿನ ಕಬ್ಬಿನ ರುಚಿ ಸಿಕ್ಕಿತು. ಈ ಸೀಮೆಯಲ್ಲೇ ಇಂಥ ಕಬ್ಬಿಲ್ಲ ಅಂತ ಬರೆದ. ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಇದ್ದದ್ದಕ್ಕೇ ಅವನಿಗೆ ಶಾಲೆ ಎಣಿಸಲು, ಹೆಂಗಸರು ಹೊಲಿಯದ ಬಟ್ಟೆಯನ್ನು ಹೇಗೆ ಸುತ್ತಿ ಉಡುತ್ತಾರೆ ಅಂತ ಗಮನಿಸಲು ಬಿಡುವು ಸಿಕ್ಕಿದ್ದು. ಜಾಸ್ತಿ ದಿನ ಇದ್ದದ್ದರ ಕೇಡೂ ಆಯಿತೆನ್ನು; ದೊರೆ ಗೋವೆಯ ಮೇಲೆ ದಂಡೆತ್ತಿ ಹೊರಟಾಗ ಈ ಅತಿಥಿಯೂ ಹಡಗು ಹತ್ತಿ ಯುದ್ಧಕ್ಕೆ ಹೋದ. ನೀನು ಆ ಮಟ್ಟಕ್ಕೆ ಹೋಗಬೇಕಾಗಿಲ್ಲ.

ಹೋಗಲು ಇನ್ನೂ ಎರಡು ತಿಂಗಳಿದೆಯಲ್ಲ. ಒಂದು ಶುಕ್ರವಾರ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತೋಣ, ನಿನಗೆ ಅಭ್ಯಾಸವೂ ಆಯಿತು. ಘಟ್ಟ ಕತ್ತಲಲ್ಲಿ ಇಳಿದುಬಿಡುತ್ತದೆ, ಬೆಳಗಾಗುವಾಗ ಕರಾವಳಿ. ಹೊನ್ನಾವರ ಬರುವ ಮುಂಚೆ ಶರಾವತಿಯ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಎದ್ದು ಬಾಗಿಲ ಹತ್ತಿರ ನಿಲ್ಲು, ಪಡುವಣ ಕಡೆ ಅಳಿವೆ. ಒಂದು ದಿನ ಅಲ್ಲಿ, ಒಂದು ದಿನ ಬಸರೂರಿನಲ್ಲಿ. ಟಿಕೆಟ್ ನಾನು ತೆಗೆಸುತ್ತೇನೆ, ನನಗೆ ಕೆಳಗಿನ ಬರ್ತ್ ಸಿಕ್ಕಿದರೆ.

ಮಾವು ಎಳೆಯದಿದ್ದಾಗ ಉದುರಿದ ಮಿಡಿಯನ್ನು ಆರಿಸಿ ಉಪ್ಪಿಗೆ ಹಾಕುತ್ತಾರೆ, ನಮ್ಮೂರಲ್ಲಿ ನಿಂಬೆಯನ್ನು ಹಾಕಿದ ಹಾಗೇ ಅಂತ ಅವನು ಒಂದು ಕಡೆ ಬರೆದಿದ್ದಾನೆ. ಮೊರಾಕ್ಕೋದವರು ಇವತ್ತಿಗೂ ಇಡೀ ನಿಂಬೆಯನ್ನು ಸೀಳಿ ಉಪ್ಪು ತುಂಬಿ ಜಾಡಿಯಲ್ಲಿಡುತ್ತಾರಂತೆ. ಬರುವಾಗ ಚರ್ಮದ ಚೀಲ, ಗೊಂಬೆ ಏನೂ ತರಬೇಡ. ಆ ನಿಂಬೆ ಒಂದು ಬಾಟಲಿ, ಕೈಚೀಲದಲ್ಲಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ತಾ. ಶರಾವತಿ ದಡದ ಅಪ್ಪೆಮಿಡಿ ಜಾಡಿಯಲ್ಲಿ ಇನ್ನೂ ಕಾಲು ಭಾಗ ಉಳಿದಿದೆ. ಮೊಸರನ್ನ ಕಲಸಿ ಎರಡನ್ನೂ ಪಕ್ಕಪಕ್ಕ ಬಡಿಸಿ ನೋಡೋಣ ಅಂತ ನಿಮ್ಮಜ್ಜಿ ಹೇಳುತ್ತಿದ್ದಾಳೆ.

ನಿನ್ನ
ತಾತ